ಹೂರಣದ ರೊಟ್ಟಿ, ಹುಳಿಯ ತಟ್ಟೆ, ಗಂಜಿಯ ಬಟ್ಟಲು

ಚೀನಾದ ಶೀಆನ್ ನಗರದ ಸಣ್ಣ ತಿಂಡಿ ಅಂಗಡಿಗಳಲ್ಲಿ ಗೋಡೆಯ ಮೇಲಿನ ಪಟ್ಟಿ ನೋಡಿದರೆ ‘ಸಾನ್‌ಚಿನ್ ಸೆಟ್’ ಅಂತ ಒಂದು ಊಟ ಕಾಣುತ್ತದೆ. ಅದರಲ್ಲಿ ಇರುವುದು ಮೂರೇ ಪದಾರ್ಥ. ಒಂದು ರೋಜಿಯಾಮೋ. ಸುಟ್ಟ ಗೋಧಿ ರೊಟ್ಟಿಯನ್ನು ಸೀಳಿ, ಮಸಾಲೆ ರಸದಲ್ಲಿ ಗಂಟೆಗಟ್ಟಲೆ ಬೆಂದ ಮಾಂಸವನ್ನು ಕೊಚ್ಚಿ ಅದರೊಳಗೆ ತುಂಬಿರುತ್ತಾರೆ. ಇನ್ನೊಂದು ಲಿಯಾಂಗ್‌ಪಿ. ಬೇಯಿಸಿ ಆರಿಸಿದ ಪಿಷ್ಟದ ಹಾಳೆಗಳನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ವಿನೆಗರ್, ಬೆಳ್ಳುಳ್ಳಿ ನೀರು, ಮೆಣಸಿನಕಾಯಿ ಎಣ್ಣೆ ಹಾಕಿ ಕಲಸಿದ ತಣ್ಣನೆ ತಿನಿಸು. ಕೊನೆಯದು ಬಿಂಗ್‌ಫೆಂಗ್, 1953ರಿಂದ ಅದೇ ಊರಿನಲ್ಲಿ ತಯಾರಾಗುತ್ತಿರುವ ಕಿತ್ತಳೆ ಸೋಡಾ.

ಈ ಮೂರನ್ನು ಯಾವುದೋ ಹೋಟೆಲಿನವರು ವ್ಯಾಪಾರಕ್ಕಾಗಿ ಒಟ್ಟುಗೂಡಿಸಿದರು ಅಂತ ಅನ್ನಿಸಬಹುದು. ಆದರೆ ಬೀಜಿಂಗಿಗೆ ಹೋಗಿ, ಶಾನ್‌ಡಾಂಗ್‌ಗೆ ಹೋಗಿ, ಇನ್ನೂ ಮೇಲೆ ಹಾರ್ಬಿನ್‌ಗೆ ಹೋಗಿ, ಪದಾರ್ಥಗಳು ಬದಲಾಗುತ್ತವೆ, ಜೋಡಣೆ ಬದಲಾಗುವುದಿಲ್ಲ. ಬಿಸಿಯಾದ, ಕೊಬ್ಬಿನ, ಹಿಟ್ಟಿನ ತಿನಿಸು ಒಂದು, ಅದರ ಪಕ್ಕದಲ್ಲಿ ತಣ್ಣಗಿನ ಹುಳಿ ತಟ್ಟೆ, ಜೊತೆಗೆ ಕುಡಿಯಲು ಏನಾದರೂ. ಉತ್ತರ ಚೀನಾದ ಹೂರಣದ ರೊಟ್ಟಿಗಳ ಬಗ್ಗೆ ಮಾತಾಡಬೇಕು ಅಂತ ನನ್ನನ್ನು ಕರೆದಿದ್ದೀರಿ. ರೊಟ್ಟಿಯೊಂದರ ಬಗ್ಗೆಯೇ ಮಾತಾಡಿದರೆ ಅರ್ಧ ಊಟ ಬಡಿಸಿ ಎಬ್ಬಿಸಿ ಕಳಿಸಿದಂತಾಗುತ್ತದೆ. ಹಾಗಾಗಿ ಮೂರನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಎಲ್ಲಿಯ ಊಟ ಇದು ಅನ್ನುವುದು. ನಮ್ಮ ಊರುಗಳಲ್ಲಿ ಚೈನೀಸ್ ಅಂದರೆ ಅನ್ನ, ನೂಡಲ್ಸ್, ಗೋಬಿ ಮಂಚೂರಿ. ಇವು ಬಹುಮಟ್ಟಿಗೆ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಡೆಯಿಂದ ಕೋಲ್ಕತಾಕ್ಕೆ ಬಂದು ನೆಲೆಸಿದ ಹಕ್ಕಾ ಜನರ ಅಡುಗೆಯಿಂದ ಕವಲೊಡೆದು ಭಾರತದಲ್ಲೇ ಬೆಳೆದ ತಿನಿಸುಗಳು. ಮಂಚೂರಿಯಾ ಇರುವುದು ಉತ್ತರದಲ್ಲಿ, ಆದರೆ ಅಲ್ಲಿ ಯಾರೂ ನಮ್ಮ ಗೋಬಿ ಮಂಚೂರಿ ತಿನ್ನುವುದಿಲ್ಲ.

ಚೀನಾದ ನಕ್ಷೆಯಲ್ಲಿ ಛಿನ್‌ಲಿಂಗ್ ಬೆಟ್ಟಸಾಲನ್ನೂ ಹುವಾಯ್ ನದಿಯನ್ನೂ ಸೇರಿಸಿ ಅಡ್ಡಗೆರೆ ಎಳೆಯಿರಿ. ಆ ಗೆರೆಯ ದಕ್ಷಿಣಕ್ಕೆ ವರ್ಷಕ್ಕೆ ಸುಮಾರು 800 ಮಿಲಿಮೀಟರಿಗಿಂತ ಹೆಚ್ಚು ಮಳೆ. ಅದು ಭತ್ತದ ಸೀಮೆ. ಉತ್ತರಕ್ಕೆ ಮಳೆ ಕಡಿಮೆ, ಜನವರಿಯಲ್ಲಿ ನೀರು ಹೆಪ್ಪುಗಟ್ಟುವ ಚಳಿ, ಅದು ಗೋಧಿಯ ಸೀಮೆ. ನಾನು ಇವತ್ತು ಹೇಳುವುದೆಲ್ಲ ಆ ಗೆರೆಯ ಮೇಲಿನ ಮಾತು.

ಗೋಧಿ ಅಲ್ಲಿನ ಮೂಲದ ಬೆಳೆ ಅಲ್ಲ. ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಪಶ್ಚಿಮದಿಂದ ಬಂತು. ಬಂದ ಮೇಲೂ ಬಹಳ ಕಾಲ ಜನ ಅದನ್ನು ಅಕ್ಕಿಯ ಹಾಗೆ ಇಡಿಯಾಗಿ ಬೇಯಿಸಿ ತಿನ್ನುತ್ತಿದ್ದರು. ಅದು ರುಚಿಯಲ್ಲ, ಅಗಿಯಲೂ ಕಷ್ಟ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಹಾನ್ ರಾಜವಂಶದ ಕಾಲಕ್ಕೆ, ಬೀಸುವ ಕಲ್ಲು ಹರಡಿದ ಮೇಲೆ ಗೋಧಿ ಹಿಟ್ಟಾಯಿತು, ಹಿಟ್ಟು ‘ಬಿಂಗ್’ ಆಯಿತು. ರೊಟ್ಟಿ, ಕಡುಬು, ಎಳೆ (ಅಂದರೆ ನೂಡಲ್ಸ್) ಎಲ್ಲಕ್ಕೂ ಆಗ ಅದೇ ಹೆಸರು. ಆರನೆಯ ಶತಮಾನದಲ್ಲಿ ಜಿಯಾ ಸ್‌ಶ್ಯೆ ಎಂಬ ಅಧಿಕಾರಿ ಬರೆದ ಕೃಷಿ ಗ್ರಂಥದಲ್ಲಿ ಒಂದು ಶಾವೋಬಿಂಗ್ ಪಾಕ ಇದೆ. ಒಂದು ಅಳತೆ ಹಿಟ್ಟು, ಎರಡು ಜಿನ್ (ಅಲ್ಲಿನ ಒಂದು ತೂಕ) ಕುರಿಮಾಂಸ, ಈರುಳ್ಳಿ ದಂಟಿನ ಬಿಳಿ ಭಾಗ, ಹುದುಗಿಸಿದ ಸೋಯಾ ಕಾಳಿನ ರಸ, ಉಪ್ಪು. ಹೂರಣ ಬೇಯಿಸಿ, ಹಿಟ್ಟು ಉಬ್ಬಿಸಿ, ಒಳಗಿಟ್ಟು ಸುಡಬೇಕು. ಒಂದೂವರೆ ಸಾವಿರ ವರ್ಷದ ಹಿಂದಿನ ಪಾಕ! ಇವತ್ತು ಅದನ್ನು ಬೀಜಿಂಗಿನ ಯಾವ ಅಡುಗೆಯವರ ಕೈಗೆ ಕೊಟ್ಟರೂ ಹೆಚ್ಚು ವಿವರಣೆ ಕೇಳದೆ ಮಾಡಿ ಕೊಡುತ್ತಾರೆ.

ಈಗ ಕಾವಲಿಯ ಹೂರಣದ ರೊಟ್ಟಿ ಶಿಯೆನ್‌ಬಿಂಗ್‌ಗೆ ಬರೋಣ. ಇಲ್ಲಿ ಕೂತಿರುವ ಹೆಚ್ಚಿನವರಿಗೆ ಹೋಳಿಗೆ ಮಾಡುವುದು ಗೊತ್ತು. ಕಣಕ ಮೆತ್ತಗಿರಬೇಕು, ಚೆನ್ನಾಗಿ ನೆನೆಯಬೇಕು, ಹೂರಣ ಕಣಕಕ್ಕಿಂತ ಹೆಚ್ಚಿರಬೇಕು, ಒಡೆಯದ ಹಾಗೆ ತಟ್ಟಬೇಕು. ಶಿಯೆನ್‌ಬಿಂಗಿನ ಕೈಕೆಲಸ ಪೂರ್ತಿ ಅದೇ. ಅಂಗೈಯಲ್ಲಿ ಕಣಕ ಹರಡಿ, ಹೂರಣ ಇಟ್ಟು, ಬಾಯಿ ಮುಚ್ಚಿ, ಮುಚ್ಚಿದ ಭಾಗ ಕೆಳಗೆ ಬರುವಂತೆ ಕಾವಲಿಗೆ ಹಾಕಿ ಕೈಯಿಂದ ಒತ್ತುತ್ತಾರೆ. ಬೆಂದಾಗ ಮೇಲಿನ ಪದರ ಎಷ್ಟು ತೆಳುವಾಗಿರಬೇಕೆಂದರೆ ಒಳಗಿನ ಹಸಿರು ಹೊರಗೆ ಕಾಣಬೇಕು.

ಇಲ್ಲಿ ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಉತ್ತರ ಚೀನಾದ ಹಿಟ್ಟಿನ ವಿದ್ಯೆ ನೀರಿನ ಬಿಸಿಯ ಮೇಲೆ ನಿಂತಿದೆ. ತಣ್ಣೀರಿನಲ್ಲಿ ಕಲಸಿದರೆ ಗೋಧಿಯ ಅಂಟು, ಅಂದರೆ ಗ್ಲುಟೆನ್, ಗಟ್ಟಿ ಜಾಲ ಕಟ್ಟುತ್ತದೆ. ಕುದಿಯುವ ನೀರಿಗೆ ಬಿಡುವ ಜಿಯಾವೋಜಿ ಎಂಬ ಹೂರಣದ ಕಡುಬಿಗೆ ಅದೇ ಬೇಕು, ಇಲ್ಲವಾದರೆ ಒಡೆದು ಹೋಗುತ್ತದೆ. ಕುದಿ ನೀರು ಹಾಕಿ ಕಲಸಿದರೆ ಅಂಟಿನ ಬಲ ಕುಗ್ಗುತ್ತದೆ, ಪಿಷ್ಟ ಅರ್ಧ ಬೆಂದು ನೀರು ಹೀರಿಕೊಳ್ಳುತ್ತದೆ. ಕಾವಲಿಯ ಒಣ ಬಿಸಿಯಲ್ಲಿ ಬೇಯುವ ತಿನಿಸಿಗೆ ಈ ಕಣಕ ಒಳ್ಳೆಯದು, ತಣ್ಣಗಾದರೂ ಚರ್ಮದಂತೆ ಬಿರುಸಾಗುವುದಿಲ್ಲ. ಶಿಯೆನ್‌ಬಿಂಗಿಗೆ ಇವೆರಡರ ನಡುವೆ, ಉಗುರುಬೆಚ್ಚಗಿನ ನೀರು, ಅದೂ ಕೈಗೆ ಅಂಟುವಷ್ಟು ಧಾರಾಳವಾಗಿ. ಆಮೇಲೆ ಕನಿಷ್ಠ ಅರ್ಧ ಗಂಟೆ ಮುಚ್ಚಿಡಬೇಕು. ಈ ಅರ್ಧ ಗಂಟೆಯನ್ನು ಉಳಿಸಲು ಹೋದವರ ರೊಟ್ಟಿ ತಟ್ಟುವಾಗಲೇ ಹರಿಯುತ್ತದೆ.

ಮಾಂಸದ ಹೂರಣಕ್ಕೂ ನೀರು ಕುಡಿಸುತ್ತಾರೆ. ಹುವಾಜಿಯಾವೋ ಎಂಬ ಕಾಯಿಯ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ, ಆ ನೀರು ಆರಿದ ಮೇಲೆ ಕೊಚ್ಚಿದ ಮಾಂಸಕ್ಕೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಒಂದೇ ದಿಕ್ಕಿಗೆ ತಿರುವುತ್ತಾರೆ. ಮಾಂಸ ನೀರನ್ನೆಲ್ಲ ಹೀರಿಕೊಂಡು ಅಂಟಂಟಾಗುತ್ತದೆ. ಬೇಯುವಾಗ ಅದೇ ನೀರು ರಸವಾಗಿ ಒಳಗೆ ನಿಲ್ಲುತ್ತದೆ. ನಮ್ಮ ಕರಾವಳಿಯವರು ಮೀನಿನ ಅಡುಗೆಗೆ ಹಾಕುವ ತಿರ್ಫಲ, ಮಲೆನಾಡಿನವರ ಜುಮ್ಮನಕಾಯಿ, ಹುವಾಜಿಯಾವೋ ಕುಲದ್ದೇ ಗಿಡ. ನಾಲಿಗೆ ಜುಮ್ ಅನ್ನಿಸುವ ಗುಣ ಎರಡಕ್ಕೂ ಇದೆ.

ಬೀಜಿಂಗಿನಲ್ಲಿ ಗೋಮಾಂಸ, ಕುರಿಮಾಂಸದ ರೊಟ್ಟಿಗಳನ್ನು ಕಲೆಯ ಮಟ್ಟಕ್ಕೆ ಒಯ್ದವರಲ್ಲಿ ಹುಯ್ ಮುಸ್ಲಿಮರು ಮುಂದಿದ್ದಾರೆ. ಊರಿನ ನೈಋತ್ಯಕ್ಕೆ ನಿಯುಜಿಯೆ ಎಂಬ ಬೀದಿ ಇದೆ, ಅಲ್ಲಿನ ಮಸೀದಿ ಸ್ಥಾಪನೆಯಾದದ್ದು 996ರಲ್ಲಿ ಅನ್ನುತ್ತಾರೆ. ಆ ಬೀದಿಯ ಅಂಗಡಿಗಳ ಮುಂದೆ ಬೆಳಗ್ಗೆಯಿಂದ ಸಾಲು. ಅಲ್ಲಿ ಸಿಗುವ ಮೆನ್‌ಡಿಂಗ್ ರೋಬಿಂಗ್ ನೋಡಲು ಗಿಡ್ಡ, ದಪ್ಪ, ಗುಂಡಗೆ. ಅರಮನೆಯ ದೊಡ್ಡ ಬಾಗಿಲುಗಳ ಮೇಲೆ ಒಂಬತ್ತು ಸಾಲು, ಸಾಲಿಗೆ ಒಂಬತ್ತರಂತೆ ಹೊಡೆದಿರುವ ಗುಬುಟು ಮೊಳೆಗಳ ಆಕಾರ ಅದು. ಒಳಗೆ ಗೋಮಾಂಸ, ಈರುಳ್ಳಿ ದಂಟು, ತುಂಬ ರಸ. ಮೊದಲು ಸಣ್ಣಗೆ ಕಚ್ಚಿ ರಸ ಹೀರಬೇಕು, ಆಮೇಲೆ ತಿನ್ನಬೇಕು. ಆತುರಪಟ್ಟರೆ ಅಂಗಿ ಹಾಳು. ತಡಮಾಡಿದರೂ ಆಗದು. ಆ ಕೊಬ್ಬು ಕರಗಿರಲು ನಮ್ಮ ಬಾಯಿಯೊಳಗಿನ ಬಿಸಿಗಿಂತ ಹೆಚ್ಚು ಬಿಸಿ ಬೇಕು, ಆರಿದ ರೊಟ್ಟಿ ತಿಂದರೆ ಅಂಗುಳಕ್ಕೆ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ. ಈ ಮಾತು ನೆನಪಿಡಿ. ಪಕ್ಕದಲ್ಲಿ ಬಿಸಿ ಗಂಜಿ ಏಕೆ, ವಿನೆಗರ್ ಏಕೆ ಅನ್ನುವುದಕ್ಕೆ ಕಾರಣ ಇಲ್ಲೇ ಇದೆ.

ಸಭೆಯಲ್ಲಿ ಮಾಂಸ ತಿನ್ನದವರು ಅನೇಕರಿದ್ದೀರಿ. ಮೊಟ್ಟೆ ತಿನ್ನುವವರಿಗೆ ನನ್ನ ದೃಷ್ಟಿಯಲ್ಲಿ ಇಡೀ ಗುಂಪಿನಲ್ಲೇ ಅತ್ಯುತ್ತಮವಾದದ್ದು ಕಾದಿದೆ: ಜಿಯುತ್ಸಾಯ್ ಹೆತ್ಸ. ಜಿಯುತ್ಸಾಯ್ ಅಂದರೆ ಚಪ್ಪಟೆ ಎಲೆಯ, ಬೆಳ್ಳುಳ್ಳಿ ವಾಸನೆಯ ಒಂದು ಸೊಪ್ಪು. ಅದನ್ನು ಸಣ್ಣಗೆ ಹೆಚ್ಚಿ, ಹುರಿದು ಪುಡಿಮಾಡಿದ ಮೊಟ್ಟೆ, ನೆನೆಸಿದ ಹೆಸರುಕಾಳಿನ ಪಿಷ್ಟದ ಶಾವಿಗೆ, ಕೆಲವರು ಒಣ ಸಿಗಡಿಯನ್ನೂ ಸೇರಿಸಿ, ಕಣಕದ ಹಾಳೆಯಲ್ಲಿಟ್ಟು ಅರ್ಧಚಂದ್ರದಂತೆ ಮಡಚಿ, ಅಂಚನ್ನು ನಮ್ಮ ಕರ್ಜಿಕಾಯಿಯ ಹಾಗೆ ಹೆಣೆದು ಕಾವಲಿಯಲ್ಲಿ ಬೇಯಿಸುತ್ತಾರೆ. ಗುಟ್ಟು ಇರುವುದು ಕ್ರಮದಲ್ಲಿ. ಸೊಪ್ಪಿಗೆ ಮೊದಲು ಎಣ್ಣೆ ಸವರಬೇಕು, ಉಪ್ಪು ಕಟ್ಟಕಡೆಗೆ, ಮಡಚುವ ಮುಂಚೆ ಅಷ್ಟೇ. ಉಪ್ಪು ಮೊದಲು ಬಿದ್ದರೆ ಸೊಪ್ಪು ನೀರು ಬಿಟ್ಟು ಕಣಕ ಒದ್ದೆಯಾಗುತ್ತದೆ.

ಈ ಸೊಪ್ಪಿಗೆ ಕಾಲವೂ ಉಂಟು. ಚಳಿಗಾಲವೆಲ್ಲ ನೆಲದೊಳಗೆ ಮಲಗಿದ್ದ ಬುಡದಿಂದ ವಸಂತದಲ್ಲಿ ಬರುವ ಮೊದಲ ಕೊಯ್ಲು ಅತಿ ಎಳೆಯದು, ಬುಡ ಸ್ವಲ್ಪ ನೇರಳೆ ಬಣ್ಣ. ಜನ ಅದಕ್ಕಾಗಿ ಕಾಯುತ್ತಾರೆ. ಬೇಸಿಗೆಗೆ ಅದೇ ಸೊಪ್ಪು ಒರಟಾಗುತ್ತದೆ, ‘ಆರನೇ ತಿಂಗಳ ಜಿಯುತ್ಸಾಯ್ ವಾಸನೆಗೆ ನಾಯಿಯೂ ಸಾಯುತ್ತದೆ’ ಅಂತ ಅಲ್ಲಿಯವರ ಗಾದೆ. ಹೊಸ ವರ್ಷದ ಮೊದಲ ದಿನ ಜಿಯಾವೋಜಿ, ಎರಡನೇ ದಿನ ಎಳೆ, ಮೂರನೇ ದಿನ ಹೆತ್ಸ ಅಂತ ಉತ್ತರದ ಮನೆಗಳಲ್ಲಿ ಪದ್ಧತಿ.

ಇಷ್ಟೆಲ್ಲ ಎಣ್ಣೆ, ಕೊಬ್ಬು, ಹಿಟ್ಟು ಆದ ಮೇಲೆ ಬಾಯಿ ಏನನ್ನು ಕೇಳುತ್ತದೆ? ಹುಳಿಯನ್ನು. ಅಲ್ಲಿ ಹುಳಿ ಅಂದರೆ ಹುಣಸೆಯಲ್ಲ, ನಿಂಬೆಯಲ್ಲ, ವಿನೆಗರ್. ನಾವು ಅಂಗಡಿಯಲ್ಲಿ ಕೊಳ್ಳುವ ಬಿಳಿ ದ್ರವವನ್ನು ಮನಸ್ಸಿನಿಂದ ತೆಗೆದುಹಾಕಿ ಕೇಳಿ. ಶಾನ್‌ಶಿ ಪ್ರಾಂತದ ರಾಜಧಾನಿ ತೈಯುವಾನ್ ಪಕ್ಕದ ಛಿಂಗ್‌ಶು ತಾಲ್ಲೂಕು ಲಾವೋಛೆನ್ ವಿನೆಗರಿಗೆ ಹೆಸರಾದದ್ದು. ಅದರ ಮೂಲ ಜೋಳ. ಹೌದು, ನಮ್ಮ ಉತ್ತರ ಕರ್ನಾಟಕದವರು ರೊಟ್ಟಿ ಬಡಿಯುವ ಜೋಳವೇ. ಜೋಳವನ್ನು ಬೇಯಿಸಿ, ಬಾರ್ಲಿ ಮತ್ತು ಬಟಾಣಿಯಿಂದ ಮಾಡಿದ ಹೆಪ್ಪಿನ ಇಟ್ಟಿಗೆಯನ್ನು ಪುಡಿಮಾಡಿ ಬೆರೆಸಿ ಮೊದಲು ಮದ್ಯವಾಗಲು ಬಿಡುತ್ತಾರೆ. ಆಮೇಲೆ ತವುಡು, ಹೊಟ್ಟು ಸೇರಿಸಿ ದಿನವೂ ತಿರುವಿ ಹುಳಿ ಬರಿಸುತ್ತಾರೆ. ಆ ರಾಶಿಯ ಒಂದು ಪಾಲನ್ನು ಬಿಸಿ ಹಂಡೆಗಳಲ್ಲಿ ದಿನಗಟ್ಟಲೆ ಕಾಯಿಸುತ್ತಾರೆ, ಕಪ್ಪು ಬಣ್ಣವೂ ಹೊಗೆಯ ಪರಿಮಳವೂ ಅಲ್ಲಿಂದ ಬರುತ್ತವೆ.

ಇದರ ನಂತರದ ಹಂತ ನನಗೆ ಬಹಳ ಪ್ರಿಯವಾದದ್ದು. ಇಳಿಸಿದ ವಿನೆಗರನ್ನು ದೊಡ್ಡ ಮಣ್ಣಿನ ಹಂಡೆಗಳಲ್ಲಿ ತುಂಬಿ ಬಯಲಿನಲ್ಲಿ ಇಡುತ್ತಾರೆ. ಬೇಸಿಗೆಯ ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ. ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಹೆಪ್ಪುಗಟ್ಟುವುದು ಬಹುಪಾಲು ನೀರು, ಹುಳಿಯಲ್ಲ, ಹಾಗಾಗಿ ಆ ಗಡ್ಡೆಯನ್ನು ಎತ್ತಿ ಬಿಸಾಡುತ್ತಾರೆ. ಕನಿಷ್ಠ ಒಂದು ವರ್ಷ ಹೀಗೆ ನಡೆದು ಗಟ್ಟಿಯಾದದ್ದು ಲಾವೋಛೆನ್. ಬೆಂಕಿ ಹಾಕದೆ, ಸೌದೆ ಸುಡದೆ, ಎರಡು ಋತುಗಳ ಕೈಯಲ್ಲೇ ಸಾರ ಇಳಿಸಿದ್ದಾರೆ. ಚಳಿಯನ್ನು ಸಹಿಸಿಕೊಂಡವರು ಮಾತ್ರವಲ್ಲ ಈ ಜನ, ಅದನ್ನು ಅಡುಗೆಮನೆಯ ಆಳಾಗಿ ದುಡಿಸಿಕೊಂಡವರು.

ಈ ವಿನೆಗರ್ ಕೈಯಲ್ಲಿದ್ದರೆ ತಣ್ಣನೆ ತಟ್ಟೆ ಹತ್ತು ನಿಮಿಷದ ಕೆಲಸ. ಬಹು ಸರಳವಾದದ್ದು ಪಾಯ್ ಹುವಾಂಗ್‌ಗ್ವಾ, ಜಜ್ಜಿದ ಸೌತೆಕಾಯಿ. ಅಗಲ ಕತ್ತಿಯ ಚಪ್ಪಟೆ ಬದಿಯಿಂದ ಸೌತೆಕಾಯಿಗೆ ಒಂದು ಏಟು. ಅದು ಒಡೆದು ಅಡ್ಡಾದಿಡ್ಡಿ ಬಿರಿಯುತ್ತದೆ. ನುಣ್ಣಗೆ ಕತ್ತರಿಸಿದ ಬಿಲ್ಲೆಯ ಮೇಲಿಂದ ಒಗ್ಗರಣೆಯ ರಸ ಜಾರಿಹೋಗುತ್ತದೆ, ಬಿರಿದ ಮೈಯ ಸಂದುಗಳಲ್ಲಿ ಇಳಿದು ನಿಲ್ಲುತ್ತದೆ. ಉಪ್ಪು, ಜಜ್ಜಿದ ಬೆಳ್ಳುಳ್ಳಿ, ವಿನೆಗರ್, ಕೊನೆಗೆ ಎಳ್ಳೆಣ್ಣೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಸೌತೆ ಭಾರತದ ಗಿಡ, ಹಿಮಾಲಯದ ತಪ್ಪಲಿನದು. ಎಳ್ಳನ್ನು ಮೊದಲು ಕೃಷಿಗೆ ತಂದದ್ದೂ ಈ ಉಪಖಂಡದಲ್ಲೇ. ಉತ್ತರ ಚೀನಾದ ಮನೆಮನೆಯ ತಟ್ಟೆಯಲ್ಲಿ ನಮ್ಮ ನೆಲದ ಎರಡು ಬೆಳೆಗಳು ಕೂತಿವೆ.

ಬೀಜಿಂಗಿನವರ ಹಬ್ಬದ ತಣ್ಣನೆ ತಿನಿಸು ಬೇರೆ, ಜಿಯೆಮೋ ದೂರ್. ಉದ್ದನೆಯ ಚೀನೀ ಕೋಸನ್ನು ಸುರುಳಿ ಕಟ್ಟಿ, ಕುದಿನೀರು ಹೊಯ್ದು, ಒಂದೊಂದು ಪದರಕ್ಕೂ ಸಾಸಿವೆ ಪುಡಿ, ಸಕ್ಕರೆ, ವಿನೆಗರ್ ಹಚ್ಚಿ ಭರಣಿಯಲ್ಲಿ ಒಂದೆರಡು ದಿನ ಮುಚ್ಚಿಡುತ್ತಾರೆ. ತಿಂದರೆ ಘಾಟು ನೇರ ಮೂಗಿಗೆ. ಹೊಸ ವರ್ಷದ ಮಾಂಸದೂಟದ ನಡುವೆ ಇದನ್ನು ತಂದಿಡುವುದು ಬಾಯಿ ತೊಳೆದಂತೆ ಹಗುರಾಗಲಿ ಅಂತ.

ಕೋಸಿನ ಮಾತು ಬಂತು, ಸ್ವಲ್ಪ ಆಚೆ ಹೋಗುತ್ತೇನೆ. ಈಗಿನಂತೆ ಎಲ್ಲ ಕಾಲದಲ್ಲೂ ಎಲ್ಲ ತರಕಾರಿ ಸಿಗದಿದ್ದ ದಿನಗಳಲ್ಲಿ ಬೀಜಿಂಗಿನ ಚಳಿಗಾಲದ ತರಕಾರಿ ಅಂದರೆ ಬಹುಪಾಲು ಕೋಸು ಒಂದೇ. ನವೆಂಬರಿನಲ್ಲಿ ಲಾರಿಗಟ್ಟಲೆ ಬಂದು ಬೀದಿಯಲ್ಲಿ ರಾಶಿ ಬೀಳುತ್ತಿತ್ತು. ಒಂದೊಂದು ಮನೆಯವರು ನೂರಾರು ಜಿನ್ ಕೊಂಡು, ಜಗಲಿಯಲ್ಲಿ, ಮೆಟ್ಟಿಲಿನ ಪಕ್ಕದಲ್ಲಿ ಪೇರಿಸಿ, ಹಳೆಯ ರಜಾಯಿ ಹೊದಿಸಿ ವಸಂತದವರೆಗೆ ಕಾಪಾಡುತ್ತಿದ್ದರು. ಜಿನ್ ಅಂದರೆ ಅರ್ಧ ಕಿಲೋ. ಇನ್ನೂ ಉತ್ತರದಲ್ಲಿ, ಹಿಂದಿನ ಮಂಚೂರಿಯಾದಲ್ಲಿ, ಅದೇ ಕೋಸನ್ನು ದೊಡ್ಡ ಹಂಡೆಯಲ್ಲಿ ಮೇಲೆ ಕಲ್ಲು ಹೇರಿ ಹುಳಿ ಬರಿಸಿದರು. ಅದು ಸುವಾನ್‌ತ್ಸಾಯ್. ಹನ್ನೆರಡನೇ ಚಾಂದ್ರಮಾಸದ ಎಂಟನೇ ದಿನ ಬೆಳ್ಳುಳ್ಳಿಯನ್ನು ವಿನೆಗರಿನಲ್ಲಿ ಮುಳುಗಿಸಿಡುವ ಪದ್ಧತಿಯೂ ಇದೆ. ಚಳಿಯಲ್ಲಿ ಇಟ್ಟಿದ್ದ ಬೆಳ್ಳುಳ್ಳಿ ಮೊಳೆಯುವ ಸಿದ್ಧತೆಯಲ್ಲಿರುತ್ತದೆ, ಹುಳಿ ಒಳಗಿಳಿದಾಗ ಅದರೊಳಗೆ ಹೊಸ ವರ್ಣದ್ರವ್ಯಗಳು ಹುಟ್ಟಿ ಎಸಳೆಲ್ಲ ಪಚ್ಚೆಯಂತೆ ಹಸಿರಾಗುತ್ತವೆ. ಮೊದಲ ಸಲ ಕಂಡವರು ಕೆಟ್ಟಿದೆ ಅಂದುಕೊಳ್ಳುತ್ತಾರೆ. ತಿಂದು ನೋಡಿ, ಖಾರ ತಗ್ಗಿ ಹುಳಿಸಿಹಿ ಬಂದಿರುತ್ತದೆ. ಬಿಸಿ ಶಿಯೆನ್‌ಬಿಂಗ್ ಜೊತೆ ಅದಕ್ಕೆ ಸಮನಾದದ್ದು ಇಲ್ಲ.

ಲಿಯಾಂಗ್‌ಪಿ ಮಾಡುವ ಬಗೆ ಹೇಳುತ್ತೇನೆ, ಇದು ಪೂರ್ತಿ ಸಸ್ಯಾಹಾರ. ಗೋಧಿ ಹಿಟ್ಟಿನ ಗಟ್ಟಿ ಕಣಕ ಕಲಸಿ, ನೀರಿನ ಬೋಗುಣಿಯಲ್ಲಿಟ್ಟು ಬಟ್ಟೆ ಹಿಂಡುವ ಹಾಗೆ ತೊಳೆಯಬೇಕು. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ತೊಳೆದಷ್ಟೂ ಪಿಷ್ಟವೆಲ್ಲ ನೀರಿಗೆ ಇಳಿದು, ಕೈಯಲ್ಲಿ ರಬ್ಬರಿನಂತಹ ಅಂಟುಮುದ್ದೆ ಉಳಿಯುತ್ತದೆ. ನೀರನ್ನು ಗಂಟೆಗಟ್ಟಲೆ ಬಿಟ್ಟರೆ ಪಿಷ್ಟ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಚೆಲ್ಲಿ, ಗಸಿಯನ್ನು ಎಣ್ಣೆ ಸವರಿದ ತಟ್ಟೆಯಲ್ಲಿ ತೆಳ್ಳಗೆ ಹೊಯ್ದು ಆವಿಯಲ್ಲಿ ಬೇಯಿಸಿದರೆ ಪಾರದರ್ಶಕ ಹಾಳೆ. ಅಂಟುಮುದ್ದೆಯನ್ನೂ ಬಿಸಾಡುವುದಿಲ್ಲ. ಅದನ್ನು ಬೇರೆ ಬೇಯಿಸಿ, ಸ್ಪಂಜಿನಂತೆ ತೂತುತೂತಾದ ಅದನ್ನು ಕತ್ತರಿಸಿ ಹಾಳೆಗಳ ಜೊತೆಗೇ ಬೆರೆಸುತ್ತಾರೆ, ಹುಳಿಖಾರದ ರಸವನ್ನೆಲ್ಲ ಹೀರಿಕೊಂಡು ಕೂರುವುದು ಅದೇ. ಒಂದೇ ಹಿಟ್ಟನ್ನು ಎರಡಾಗಿ ಬಿಡಿಸಿ, ತಟ್ಟೆಯಲ್ಲಿ ಮತ್ತೆ ಕೂಡಿಸಿದ್ದಾರೆ!

ಇನ್ನು ಕುಡಿಯುವುದು. ಉತ್ತರ ಚೀನಾದಲ್ಲಿ ಹೂರಣದ ರೊಟ್ಟಿಯ ಜೊತೆ ಅತಿ ಸಾಮಾನ್ಯವಾಗಿ ಬರುವ ಪಾನೀಯ ಹಳದಿ ಗಂಜಿ. ಉಪ್ಪಿಲ್ಲ, ಸಕ್ಕರೆಯಿಲ್ಲ, ಬಟ್ಟಲೆತ್ತಿ ಕುಡಿಯುವಷ್ಟು ತೆಳು, ಮೇಲೆ ಎಣ್ಣೆಯಂತಹ ಕೆನೆ. ಅದರ ಧಾನ್ಯ ಯಾವುದು ಗೊತ್ತೇ? ನವಣೆ. ಸಿರಿಧಾನ್ಯ ಅಂತ ನಾವು ಈಗ ಮೇಳ ನಡೆಸಿ ಮಾರುವ ಅದೇ ನವಣೆ. ಅದರ ಕೃಷಿ ಮೊದಲಾದದ್ದು ಉತ್ತರ ಚೀನಾದಲ್ಲಿ, ಸುಮಾರು 8,000 ವರ್ಷಗಳ ಹಿಂದೆ. ಬರಗು ಕೂಡ ಅಲ್ಲಿಯದೇ. ಗೋಧಿ ಬರುವ ಮುಂಚೆ ಆ ನಾಡನ್ನು ಸಾಕಿದ ಧಾನ್ಯಗಳು ಇವು. ಗೋಧಿ ತಟ್ಟೆಯನ್ನು ಗೆದ್ದುಕೊಂಡರೂ ಬಟ್ಟಲನ್ನು ನವಣೆ ಬಿಟ್ಟುಕೊಡಲಿಲ್ಲ. ಮಗು ಹೆತ್ತ ಬಾಣಂತಿಗೆ ಇಂದಿಗೂ ಅಲ್ಲಿ ನವಣೆ ಗಂಜಿಯೇ ಪಥ್ಯ.

ಬೇಸಿಗೆಯಲ್ಲಿ ಸುವಾನ್‌ಮೇಟಾಂಗ್. ಬಲಿಯುವ ಮುಂಚೆ ಕಿತ್ತು ಹೊಗೆಯಲ್ಲಿ ಒಣಗಿಸಿದ, ಮೇ ಎಂಬ ಕಪ್ಪು ಹುಳಿಹಣ್ಣು, ಶಾನ್‌ಜಾ ಎಂಬ ಕೆಂಪು ಹುಳಿಹಣ್ಣು, ಜ್ಯೇಷ್ಠಮಧು, ಕಲ್ಲುಸಕ್ಕರೆ ಹಾಕಿ ಕುದಿಸಿ, ಗುಯ್‌ಹುವಾ ಹೂವು ಉದುರಿಸಿ ಆರಿಸಿದ್ದು. ಹುಳಿ, ಸಿಹಿ, ಹಿಂದಿನಿಂದ ಸಣ್ಣಗೆ ಹೊಗೆಯ ವಾಸನೆ. ಫ್ರಿಜ್ ಇಲ್ಲದ ಕಾಲದಲ್ಲೂ ಬೀಜಿಂಗಿನವರು ಇದನ್ನು ತಣ್ಣಗೇ ಕುಡಿಯುತ್ತಿದ್ದರು. ಚಳಿಗಾಲದಲ್ಲಿ ಕೆರೆ, ಕಂದಕಗಳ ಮಂಜುಗಡ್ಡೆಯನ್ನು ದಿಮ್ಮಿಗಳಾಗಿ ಕೊಯ್ದು ನೆಲಮಾಳಿಗೆಗಳಲ್ಲಿ ಪೇರಿಸಿ ಬೇಸಿಗೆಗೆ ತೆಗೆಯುತ್ತಿದ್ದರು. ಬೇಯ್‌ಹಾಯ್ ಸರೋವರದ ಬಳಿಯ ಶ್ವೆಛಿಯಲ್ಲಿ ಅರಮನೆಯ ಮಂಜಿನ ಮಾಳಿಗೆಗಳಿದ್ದವು. ಬೀದಿಯ ಮಾರಾಟಗಾರ ಎರಡು ಪುಟ್ಟ ಹಿತ್ತಾಳೆ ಬಟ್ಟಲುಗಳನ್ನು ಒಂದೇ ಕೈಯಲ್ಲಿ ಹಿಡಿದು ಟಿಣ್ ಟಿಣ್ ಅಂತ ಬಡಿಯುತ್ತಾ ಬರುತ್ತಿದ್ದ. ನೋಡಿ, ಮತ್ತೆ ಅದೇ ಚಳಿಗಾಲ, ಮತ್ತೆ ಅದೇ ದುಡಿಮೆ.

ಕೊನೆಯದು ದೋಜರ್. ಬೀಜಿಂಗಿನ ಹೊರಗಿನವರು ಮೊದಲ ಗುಟುಕಿಗೇ ಮುಖ ತಿರುಗಿಸುವ ಪಾನೀಯ ಇದು. ಬೂದುಹಸಿರು ಬಣ್ಣ, ಬಲವಾದ ಹುಳಿನಾತ, ಬಿಸಿಬಿಸಿಯಾಗಿ ಕುಡಿಯಬೇಕು. ನನಗೆ ಇದರ ರುಚಿಗಿಂತ ಇದು ಹುಟ್ಟುವ ರೀತಿಯ ಮೇಲೆ ಗೌರವ. ಹೆಸರುಕಾಳು ನೆನೆಸಿ, ಅರೆದು, ನೀರಿನಲ್ಲಿ ಬಿಟ್ಟರೆ ಬೆಳ್ಳನೆಯ ಪಿಷ್ಟ ತಳಕ್ಕೆ ಇಳಿಯುತ್ತದೆ. ಅದರಿಂದ ಶಾವಿಗೆ, ತಣ್ಣನೆ ತಟ್ಟೆಯ ಜೆಲ್ಲಿ ಹಾಳೆಗಳು. ಮೇಲೆ ನಿಂತ ತೆಳು ದ್ರವವನ್ನು ಚೆಲ್ಲದೆ ಹುಳಿ ಬರಿಸಿ ಕುದಿಸಿದರೆ ದೋಜರ್. ಸೋಸಿ ಉಳಿದ ದಪ್ಪ ಗಸಿಯನ್ನು ಕುರಿಯ ಕೊಬ್ಬಿನಲ್ಲಿ ಹುರಿದು, ಒಣಮೆಣಸಿನಕಾಯಿ ಹಾಕಿದರೆ ಮಾದೋಫು. ಒಂದು ಕಾಳು, ಮೂರು ತಿನಿಸು, ಚೆಲ್ಲಿದ್ದು ಏನೂ ಇಲ್ಲ. ದೋಜರ್ ಜೊತೆ ಕರಿದ ಗರಿಗರಿ ಬಳೆಯಂತಹ ಜಿಯಾವೋಛುವಾನ್, ಮೆಣಸಿನೆಣ್ಣೆ ಹಾಕಿದ ಉಪ್ಪಿನ ಗೆಡ್ಡೆಯ ಎಳೆಗಳು ಇರಲೇಬೇಕು. ಹೆಸರುಕಾಳು ಭಾರತದಲ್ಲಿ ಪಳಗಿದ ಬೆಳೆ. ನಮ್ಮ ಬಳ್ಳಾರಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಹುರುಳಿಯ ಜೊತೆ ಹೆಸರಿನ ಕಾಳುಗಳೂ ಸಿಕ್ಕಿವೆ. ನವಣೆ ಅಲ್ಲಿಂದ ಇಲ್ಲಿಗೆ, ಹೆಸರು ಇಲ್ಲಿಂದ ಅಲ್ಲಿಗೆ.

ಮನೆಯಲ್ಲಿ ಮಾಡಿ ನೋಡುವವರಿಗೆ ಒಂದೆರಡು ಮಾತು. ಜಿಯುತ್ಸಾಯ್ ಹೆತ್ಸಗೆ ಚಪಾತಿ ಹಿಟ್ಟಿಗಿಂತ ಮೈದಾ ವಾಸಿ, ತವುಡಿನ ಕಣಗಳು ತೆಳು ಕಣಕವನ್ನು ಹರಿಯುತ್ತವೆ. ಹಿಟ್ಟಿನ ಅರ್ಧಕ್ಕೆ ಕುದಿನೀರು, ಉಳಿದರ್ಧಕ್ಕೆ ತಣ್ಣೀರು ಹಾಕಿ, ಆಮೇಲೆ ಎರಡನ್ನೂ ಕೂಡಿಸಿ ನಾದಿ. ಆ ಸೊಪ್ಪು ಸಿಗದಿದ್ದರೆ ಈರುಳ್ಳಿ ಹೂವಿನ ಹಸಿರು ಭಾಗಕ್ಕೆ ಒಂದಿಷ್ಟು ಎಳೆ ಬೆಳ್ಳುಳ್ಳಿ ಸೊಪ್ಪು ಸೇರಿಸಿ. ವಿನೆಗರ್ ಕೊಳ್ಳುವಾಗ ಸಿಂಥೆಟಿಕ್ ಅಂತ ಬರೆದಿರುವುದನ್ನು ಬಿಟ್ಟು, ಧಾನ್ಯದಿಂದ ಹುದುಗಿಸಿದ್ದನ್ನೇ ಕೇಳಿ ತನ್ನಿ. ಗಂಜಿಗೆ ಒಂದು ಅಳತೆ ನವಣೆಗೆ ಹತ್ತು ಅಳತೆ ನೀರು, ಸಣ್ಣ ಉರಿ, ಆಗಾಗ ಕೈಯಾಡಿಸಬೇಕು. ಅದನ್ನು ಮೊದಲು ಒಲೆಗೇರಿಸಿ, ಸೌತೆಕಾಯಿ ಜಜ್ಜಿ ಕಲಸಿಟ್ಟು, ಎಲ್ಲರೂ ಬಂದು ಕೂತ ಮೇಲೆ ಕಾವಲಿ ಇಡಿ. ಹೆತ್ಸ ಕಾಯಬಾರದು, ತಿನ್ನುವವರು ಕಾಯಬೇಕು.